ಲೇಟೆಕ್‌ನಲ್ಲಿ ಕನ್ನಡ ಫಾಂಟ್ ಡೀಫಾಲ್ಟ್ ಮಾಡ್ಕೊಳ್ಳೋಕೆ ಫಾಂಟ್‌ಸ್ಪೆಕ್: 5ಕ್ಕೆ 4.5

ಕನ್ನಡದಲ್ಲಿ ಥೀಸಿಸ್ಸೋ ಪುಸ್ತಕಾನೋ ಲೇಟೆಕ್‌ನಲ್ಲಿ (ಕಮಾಂಡ್ ಬರೆದು ಪುಟ ಜೋಡಿಸೋ ಸಾಫ್ಟ್‌ವೇರ್) ಮಾಡ್ತಿದ್ರೆ, ಅದ್ರಲ್ಲಿ ಫಾಂಟ್ ಆರಿಸಿಕೊಳ್ಳೋಕೆ ಇರೋ ಫಾಂಟ್‌ಸ್ಪೆಕ್ ಪ್ಯಾಕೇಜ್ ಹಾಕ್ಕೊಳ್ಳಿ, ಕಣ್ಮುಚ್ಚಿ ಹೇಳ್ತೀನಿ. ಲೇಟೆಕ್ ಜೊತೆ ಬರೋ ಡೀಫಾಲ್ಟ್ ಫಾಂಟು ಕ್ನೂತ್ ಅವರ ಕಂಪ್ಯೂಟರ್ ಮಾಡರ್ನ್, ಯೂನಿಕೋಡ್ ಫಾಂಟ್ ಬಳಸೋಕೆ ಬರೋ ಲೇಟೆಕ್ ರೂಪಗಳಾದ ಝೀಲೇಟೆಕ್ ಲುವಾಲೇಟೆಕ್‌ನಲ್ಲಿ (ಫಾಂಟ್‌ಸ್ಪೆಕ್ ನಡೆಯೋದು ಇವೆರಡರಲ್ಲೇ) ಲ್ಯಾಟಿನ್ ಮಾಡರ್ನ್, ಎರಡ್ರಲ್ಲೂ ಕನ್ನಡ ಅಕ್ಷರಾನೇ ಇಲ್ಲ, ಹಾಗಾಗಿ ಈ ಝೀಲೇಟೆಕ್ ಲುವಾಲೇಟೆಕ್‌ನಲ್ಲಿ ಫಾಂಟ್ ಬದಲಾಯಿಸದೇ ಕಂಪೈಲ್ ಮಾಡಿದ್ರೆ ಪಿಡಿಎಫ್‌ನಲ್ಲಿ ಬರೀ ಖಾಲಿ ಜಾಗ, ಅಕ್ಷರ ಸಿಗ್ಲಿಲ್ಲ ಅಂತ ಲಾಗ್‌ನಲ್ಲಿ ವಾರ್ನಿಂಗ್ ಬರುತ್ತೆ ಅಷ್ಟೇ.

ಇದಕ್ಕೆ ಸೆಟ್‌ಮೇನ್‌ಫಾಂಟ್ ಅನ್ನೋ ಒಂದು ಕಮಾಂಡ್ ಸಾಕು. ನೋಟೊ ಸೆರಿಫ್ ಕನ್ನಡ ಅಂತ ಹೆಸರು ಕೊಟ್ಟು, ಸ್ಕ್ರಿಪ್ಟ್ ಆಪ್ಷನ್‌ನಲ್ಲಿ ಕನ್ನಡ ಅಂತ ಹಾಕಿ, ಡಾಕ್ಯುಮೆಂಟಿನ ಮುಖ್ಯ ಪಠ್ಯ ಆ ಫಾಂಟಿಗೆ ಬರುತ್ತೆ. ಸ್ಕ್ರಿಪ್ಟ್ ಆಪ್ಷನ್ ದಯವಿಟ್ಟು ಬಿಡಬೇಡಿ, ಒತ್ತಕ್ಷರ ಸರಿಯಾಗಿ ಕೂರೋದು ಅದರಿಂದಾನೇ. ಲುವಾಲೇಟೆಕ್ ಬಳಸೋರು ರೆಂಡರರ್ ಅನ್ನೋ ಇನ್ನೊಂದು ಆಪ್ಷನ್‌ನಲ್ಲಿ ಹಾರ್ಫ್‌ಬಝ್ (ಅಕ್ಷರಗಳನ್ನ ಸರಿಯಾಗಿ ಜೋಡಿಸೋ ಸಾಫ್ಟ್‌ವೇರ್) ಅಂತ ಕೊಡಬೇಕು, ಝೀಲೇಟೆಕ್‌ಗೆ ಅದೇನೂ ಬೇಕಾಗಿಲ್ಲ, ಹೊಸಬರು ಅಲ್ಲಿಂದಾನೇ ಶುರು ಮಾಡಿ.

ಸಾಲಿನ ಅಂತರಾನೂ ಸ್ವಲ್ಪ ನೋಡ್ಕೊಳ್ಳಿ. ಡೀಫಾಲ್ಟ್ ಅಂತರ ಇಂಗ್ಲಿಷ್‌ಗೆ ಮಾಡಿದ್ದು, ನಮ್ಮ ಒತ್ತುಗಳು ಕೆಳಗಿಳಿದು ಮುಂದಿನ ಸಾಲಿನ ಗುಡಿಸಿಗೆ ತಾಗೋ ಥರ ಕಾಣುತ್ತೆ, ಸಾಲಿನ ಅಂತರ ಹೆಚ್ಚಿಸೋ ಲೈನ್‌ಸ್ಪ್ರೆಡ್ ಕಮಾಂಡ್‌ಗೆ 1.2 ಅಥವಾ 1.3 ಹಾಕಿದ್ರೆ ಪುಟ ಎಷ್ಟು ಚೆನ್ನಾಗಿ ಉಸಿರಾಡುತ್ತೆ ನೋಡಿ.

ಅರ್ಧ ಸ್ಟಾರ್ ಕಟ್ ಮಾಡಿದ್ದು ಮ್ಯಾನ್ಯುಯಲ್‌ಗೆ. ಮಾಹಿತಿ ಬೇಕಾದಷ್ಟಿದೆ, ಆದ್ರೆ ಕನ್ನಡದೋರು ತಮಗೆ ಬೇಕಾದ ನಾಲ್ಕು ಸಾಲನ್ನ ಹುಡುಕಿ ತೆಗೀಬೇಕು. ಹಳೇ ನುಡಿ ಎನ್‌ಕೋಡಿಂಗ್‌ನಲ್ಲಿ ಟೈಪ್ ಮಾಡಿರೋ ಫೈಲ್ ಇದ್ರೆ ಮೊದಲು ಯೂನಿಕೋಡ್‌ಗೆ ಕನ್ವರ್ಟ್ ಮಾಡ್ಕೊಂಡು ಆಮೇಲೆ ಇದಕ್ಕೆ ಕೈ ಹಾಕಿ.