ವಿಕ್ಟೋರಿನಾಕ್ಸ್ ಸ್ಪಾರ್ಟನ್: ಚಾರಣದ ಚಾಕುವನ್ನು ತೊಳೆಯುವುದು, ಒರೆಸುವುದು, ಎಣ್ಣೆ ಹಾಕುವುದು

ಸ್ಪಾರ್ಟನ್ ಅನ್ನುವ ಈ ಮಡಚುವ ಸ್ವಿಸ್ ಜೇಬುಚಾಕುವಿನಲ್ಲಿ ಎಷ್ಟು ಉಪಕರಣಗಳಿವೆ ಅನ್ನೋದು ನಿಮಗೆ ಗೊತ್ತೇ ಇರುತ್ತದೆ, ಆ ಪಟ್ಟಿ ಬಿಡುತ್ತೇನೆ. ವರ್ಷಗಟ್ಟಲೆ ಬಳಸಿದ ಮೇಲೆ ನನಗೆ ತುಂಬಾ ಹಿಡಿಸಿರುವುದು ಒಂದೇ ಸಂಗತಿ: ಸಿಂಕ್, ಬ್ರಷ್ ಏನೂ ಇಲ್ಲದ ಕಡೆಯೂ ಈ ಚಾಕು ಪೂರ್ತಿ ಚೊಕ್ಕಟವಾಗುತ್ತದೆ. ಒಂದೇ ಸ್ಪ್ರಿಂಗಿಗೆ ಎರಡೂ ಬದಿಯ ಉಪಕರಣ ಕೂರಿಸುವ ಉಪಾಯವನ್ನು ಈ ಕಂಪನಿ ಕಟ್ಟಿದ ಕಾರ್ಲ್ ಎಲ್ಸೆನರ್ 1897ರಲ್ಲೇ ಮಾಡಿದ್ದರು. ಅದರಿಂದ ಸ್ಪಾರ್ಟನ್‌ನಲ್ಲಿರುವುದು ಉಪಕರಣಗಳ ಎರಡೇ ಪದರ. ಕೊಳೆ ಅಡಗಲು ಜಾಗ ಕಡಿಮೆ.

ರಾತ್ರಿ ಊಟ ಮುಗಿದ ಮೇಲೆ ಈ ಕೆಲಸಕ್ಕೆ ಕೂರುವುದು ನನಗೆ ಇಷ್ಟ. ಸ್ಟೀಲ್ ಲೋಟದಲ್ಲಿ ಉಗುರುಬೆಚ್ಚಗಿನ ನೀರು. ಚಾಕು ಮುಳುಗಿಸಿ ಒಂದೊಂದೇ ಅಲಗನ್ನು ನೀರೊಳಗೇ ಬಿಚ್ಚಿ ಮಡಚಬೇಕು. ಸೋಪು ಹಾಕಿದ್ದರೆ ಆ ನೀರನ್ನು ಹಳ್ಳದಿಂದ ದೂರ, ಮಣ್ಣಿಗೆ ಚೆಲ್ಲಿ. ಆಮೇಲೆ ಹಳೆ ಪಂಚೆಯ ತುಂಡಿನ ಅಂಚನ್ನು ಚಾಕುವಿನದೇ ಟೂತ್‌ಪಿಕ್‌ಗೆ ಸುತ್ತಿ ಅಲಗು ಕೂರುವ ಸೀಳಿನ ತಳಕ್ಕೆ ಇಳಿಸಿ, ಕೀಲಿನ ಕಡೆಯಿಂದ ತುದಿಯವರೆಗೆ ಮೆಲ್ಲಗೆ ಎಳೆಯಿರಿ. ಜೇಬಿನ ನೂಲು, ಕಿತ್ತಳೆ ರಸ, ಹಳೆ ಎಣ್ಣೆ ಸೇರಿದ ಕಪ್ಪು ಎಳೆಯೊಂದು ಸುರುಳಿಯಾಗಿ ಈಚೆಗೆ ಬರುತ್ತದೆ. ಆ ಎಳೆ ಬಂದಾಗ ಆಗುವ ಸಮಾಧಾನವೇ ಬೇರೆ! ಅಲಗನ್ನು ಒರೆಸುವಾಗ ಮಾತ್ರ ಬೆನ್ನಿನ ಕಡೆಯಿಂದ ಹಿಡಿಯಿರಿ. ಬಿಚ್ಚಿದ ಅಲಗು ಮಡಚದಂತೆ ತಡೆಯುವ ಲಾಕ್ ಇದಕ್ಕಿಲ್ಲ, ಒದ್ದೆ ಬೆರಳು ಜಾರುತ್ತದೆ. ಬೇಗ ಒಣಗಲಿ ಅಂತ ಬೆಂಕಿಯ ಹತ್ತಿರ ಇಡಬೇಡಿ, ಹಿಡಿ ಪ್ಲಾಸ್ಟಿಕ್ಕಿನದು.

ಇನ್ನು ಎಣ್ಣೆ. ಇಲ್ಲಿ ನನಗೆ ನಿಜಕ್ಕೂ ಬೇಸರವಿದೆ. ಯಾರನ್ನು ಕೇಳಿದರೂ "ಕೊಬ್ಬರಿ ಎಣ್ಣೆ ಹಾಕಿ" ಅನ್ನುತ್ತಾರೆ. ಹಲಸಿನ ಹಣ್ಣು ಬಿಡಿಸುವುದಾದರೆ ಅದಕ್ಕಿಂತ ಒಳ್ಳೆಯದಿಲ್ಲ: ಮೊದಲೇ ಅಲಗಿಗೆ ಸವರಿಕೊಂಡರೆ ಮೇಣ ಅಂಟುವುದಿಲ್ಲ, ಅಂಟಿದ್ದೂ ಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ಬಿಡುತ್ತದೆ. ಬರೀ ನೀರಿಗೆ ಆ ಮೇಣ ಜಗ್ಗುವುದಿಲ್ಲ. ಆದರೆ ಅಲಗು ತಿರುಗುವ ಕೀಲಿಗೆ ಅದೇ ಎಣ್ಣೆ ಯಾಕೆ? ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಕುಮಾರಪರ್ವತದ ಹಾದಿಯಲ್ಲಿ ಗಿರಿಗದ್ದೆಯಲ್ಲಿ ಡಿಸೆಂಬರಿನ ಬೆಳಗ್ಗೆ ಎದ್ದಾಗ ಚಾಕು ಬಿಗಿಯಾಗಿ, ಉಗುರಿಗೆ ನೋವಾಗುವಷ್ಟು ಹಟ ಮಾಡುತ್ತದೆ. ಬಿಸಿಲೇರಿದ ಮೇಲೆ ಕರಗಿದ ಎಣ್ಣೆಗೆ ಧೂಳು ಮೆತ್ತಿಕೊಳ್ಳುತ್ತದೆ. ಹೊಲಿಗೆ ಮಷಿನ್ ಎಣ್ಣೆ ಚೆನ್ನಾಗಿ ಜಾರುತ್ತದೆ ನಿಜ, ಆದರೆ ಅದೇ ಚಾಕುವಿನಲ್ಲಿ ಸೌತೆಕಾಯಿ ಹೆಚ್ಚಲು ನನಗೆ ಮನಸ್ಸು ಬರುವುದಿಲ್ಲ.

ನನ್ನ ಪರಿಹಾರ ಮೆಡಿಕಲ್ ಶಾಪಿನ ಲಿಕ್ವಿಡ್ ಪ್ಯಾರಾಫಿನ್. ಮಲಬದ್ಧತೆಗೆ ಕುಡಿಯಲು ಕೊಡುವ ಔಷಧಿಯೇ ಅದು, ಹಾಗಾಗಿ ಊಟದ ಚಾಕುವಿಗೆ ಭಯವಿಲ್ಲ. ಬಣ್ಣ, ವಾಸನೆ ಇಲ್ಲ, ಕಮಟುವುದಿಲ್ಲ, ಮಲೆನಾಡಿನ ಚಳಿಗೆ ಹೆಪ್ಪುಗಟ್ಟುವುದೂ ಇಲ್ಲ. ಒಂದು ಬಾಟಲಿ ಕೊಂಡರೆ ಖರ್ಚೇ ಆಗುವುದಿಲ್ಲ. ಖಾಲಿಯಾದ ಕಣ್ಣಿನ ಡ್ರಾಪ್ಸ್ ಸೀಸೆಯನ್ನು ತೊಳೆದು ಅದರಲ್ಲಿ ತುಂಬಿಕೊಳ್ಳುತ್ತೇನೆ. ಕೀಲಿಗೆ ಒಂದು ತೊಟ್ಟು, ನಾಲ್ಕು ಸಲ ಬಿಚ್ಚಿ ಮಡಚಿ, ಹೆಚ್ಚಾದದ್ದನ್ನು ಒರೆಸಿದರೆ ಆಯಿತು. ಅಲಗು ಮತ್ತೆ ಟಕ್ ಅಂತ ಕೂರುತ್ತದೆ.

ಹರಿತ ಮಾಡಲು ಅಂತ ಆನ್‌ಲೈನಿನಲ್ಲಿ ಸಿಗುವ, ಎಳೆದರೆ ಸಾಕು ಅನ್ನುವ ಅಗ್ಗದ ಶಾರ್ಪನರ್ ಬೇಡ. ನಾನು ತರಿಸಿದ್ದು ಅಂಚನ್ನು ಕೆರೆದು ಹಲ್ಲು ಹಲ್ಲು ಮಾಡಿತು. ಪಿಂಗಾಣಿ ಕಪ್ಪಿನ ತಳದಲ್ಲಿ ಗ್ಲೇಜ್ ಇಲ್ಲದ ಒರಟು ಉಂಗುರ ಇರುತ್ತದಲ್ಲ, ತಂಗಿದ ಹೋಮ್‌ಸ್ಟೇಯಲ್ಲಿ ಅಂಥ ಕಪ್ ಸಿಕ್ಕರೆ ಅದನ್ನು ಬೋರಲು ಹಾಕಿ, ಅಲಗನ್ನು ಸುಮಾರು 20 ಡಿಗ್ರಿ ಓರೆಯಲ್ಲಿ ಹಗುರವಾಗಿ ಎಳೆಯಿರಿ. ಟೊಮೆಟೊ ಸಿಪ್ಪೆ ಕತ್ತರಿಸುವಷ್ಟು ಹರಿತ ಬರುತ್ತದೆ.

ಸೌದೆ ಸೀಳುವವರಿಗೆ ಇದಲ್ಲ, ಮಚ್ಚೇ ಬೇಕು. ಹಣ್ಣು, ಹಗ್ಗ, ಪೊಟ್ಟಣ ಇಷ್ಟಕ್ಕಾದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಗೋಕರ್ಣದ ಕಡಲ ದಂಡೆಯ ಚಾರಣಕ್ಕೆ ಒಯ್ಯುವವರು ಒಂದು ವಿಷಯ ನೆನಪಿಡಿ: ಸ್ಟೇನ್‌ಲೆಸ್ ಉಕ್ಕಿಗೂ ಉಪ್ಪುನೀರಿನಿಂದ ತುಕ್ಕಿನ ಚುಕ್ಕೆ ಬೀಳುತ್ತದೆ. ಅವತ್ತಿನ ರಾತ್ರಿಯೇ ಸಿಹಿನೀರಲ್ಲಿ ಜಾಲಿಸಿ, ಒಣಗಿಸಿ, ಆಮೇಲೆ ಎಣ್ಣೆ ಹಾಕಿ.