ಮಡಿಕೇರಿಯ ಆರು ಮಳೆಗಾಲ ಕಂಡ ನಮ್ಮ ಫೈಲ್ ಕ್ಯಾಬಿನೆಟ್

2019ರ ಏಪ್ರಿಲ್‌ನಲ್ಲಿ ಕುಶಾಲನಗರದಿಂದ ಈ ನಾಲ್ಕು ಡ್ರಾಯರ್‌ನ ಸ್ಟೀಲ್ ಕ್ಯಾಬಿನೆಟ್ ತಂದೆವು. ಮಡಿಕೇರಿಯ ನಮ್ಮ ಹಲ್ಲಿನ ಕ್ಲಿನಿಕ್‌ನಲ್ಲಿ ಆಗ ಐದು ಜನ, ಈಗ ಎಂಟು. ಹಲ್ಲು ಡಾಕ್ಟರ್ ಪಾಲಿಗೆ, ಸಂಬಳ ಮತ್ತು ಸಿಬ್ಬಂದಿಯ ಫೈಲು ನನ್ನ ಪಾಲಿಗೆ.

ಒಂದು ಡ್ರಾಯರ್ ಎಳೆದರೆ ಇನ್ನೊಂದು ಬರುವುದಿಲ್ಲ. ಕೆಟ್ಟಿದೆ ಅಂತ ಅಂಗಡಿಯವರಿಗೆ ಫೋನ್ ಮಾಡಿಬಿಟ್ಟಿದ್ದೆ! ಮುಂದಕ್ಕೆ ಮಗುಚಿ ಬೀಳಬಾರದು ಅಂತಲೇ ಹಾಗೆ ಮಾಡಿರುತ್ತಾರಂತೆ. ತಗಡು ಗಟ್ಟಿ, ಡ್ರಾಯರ್ ಇವತ್ತಿಗೂ ಸಲೀಸಾಗಿ ಜಾರುತ್ತದೆ.

ಆದರೆ ನಮ್ಮ ಮಳೆ ಗೊತ್ತಲ್ಲ. ಮೊದಲ ವರ್ಷ ಆಗಸ್ಟ್‌ನಲ್ಲಿ ಕೆಳಗಿನ ಡ್ರಾಯರ್ ತೆಗೆದೆ, ನರ್ಸ್‌ನ ನೇಮಕಾತಿ ಪತ್ರಕ್ಕೆ ಬೂಷ್ಟು ಹಿಡಿದಿತ್ತು. ಇಂಕ್ ಪೆನ್ನಿನ ಸಹಿ ಹರಡಿ ನೀಲಿ ಕಲೆಯಾಗಿತ್ತು. ರಾತ್ರಿ ತಗಡು ತಣ್ಣಗಾದಾಗ ಒಳಗಿನ ತೇವ ಅದಕ್ಕೇ ನೀರಾಗಿ ಅಂಟುತ್ತದೆ. ಪ್ಲಾಸ್ಟಿಕ್ ಕವರ್‌ಗೆ ಹಾಕಿದ್ದ ಕಾಗದಗಳ ಗತಿ ಇನ್ನೂ ಕೆಟ್ಟದಾಗಿತ್ತು. ಈಗ ಕ್ಯಾಬಿನೆಟ್ ಎರಡು ಮರದ ರೀಪರ್ ಪಟ್ಟಿಯ ಮೇಲೆ, ಗೋಡೆಯಿಂದ ನಾಲ್ಕು ಇಂಚು ದೂರ ನಿಂತಿದೆ. ಕೆಳಗಿನ ಡ್ರಾಯರ್‌ನಲ್ಲಿ ಕಾಗದ ಇಡುವುದೇ ಇಲ್ಲ. ಮೇಲಿನವುಗಳಲ್ಲಿ ಸಿಲಿಕಾ ಜೆಲ್ ಚೀಲ ಇವೆ. ನೀಲಿ ಹರಳು ಗುಲಾಬಿ ಆದರೆ ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಬಿಸಿ ಮಾಡುತ್ತೇನೆ, ಮತ್ತೆ ನೀಲಿ. ಸೆಪ್ಟೆಂಬರ್‌ನ ಕೈಲ್ ಪೋಳ್ದ್ ಹಬ್ಬ ಕಳೆದು ಬಿಸಿಲು ಬಿದ್ದ ಮೇಲೆ ಒಂದು ದಿನ ಎಲ್ಲಾ ಫೈಲು ಹೊರಗೆ ತೆಗೆದು ಗಾಳಿಗಿಡುವುದು ಈಗ ನನ್ನ ವರ್ಷದ ಕೆಲಸ.

ನನ್ನ ದೊಡ್ಡ ತಕರಾರು ಬೀಗದ್ದು. ನಾಲ್ಕಕ್ಕೂ ಒಂದೇ ಬೀಗ! ರೋಗಿಗಳ ಒಪ್ಪಿಗೆ ಪತ್ರಕ್ಕೆ ರಿಸೆಪ್ಷನ್ ಹುಡುಗಿ ಕೀ ತಗೊಂಡರೆ ಎಲ್ಲರ ಸಂಬಳವೂ ತೆರೆದ ಹಾಗೆ. ಸಂಬಳ ಹೋಗಲಿ ಬಿಡಿ. ರಕ್ತ, ಸೂಜಿ ಮುಟ್ಟುವ ಕೆಲಸ ನಮ್ಮದು. ಹೆಪಟೈಟಿಸ್ ಬಿ ಲಸಿಕೆ 0, 1, 6 ತಿಂಗಳ ಲೆಕ್ಕದಲ್ಲಿ ಮೂರು ಡೋಸ್. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಲಸಿಕೆ, ವರ್ಷಕ್ಕೊಮ್ಮೆ ತಪಾಸಣೆ, ತರಬೇತಿ ಎಲ್ಲಾ ಆಗಬೇಕು. ಆ ಕಾಗದಗಳನ್ನೆಲ್ಲ ನಾನು ಸಂಬಳದ ಫೈಲಿನಲ್ಲೇ ಸೇರಿಸಿದ್ದೆ. ಒಬ್ಬರ ರಕ್ತದ ರಿಪೋರ್ಟ್ ಇನ್ನೊಬ್ಬರು ಓದಿಬಿಟ್ಟರು. ಎರಡು ದಿನ ಕ್ಲಿನಿಕ್‌ನಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ. ತಪ್ಪು ನನ್ನದೇ. ಈಗ ಆರೋಗ್ಯದ ಕಾಗದಗಳು ಬೇರೆ ಪೆಟ್ಟಿಗೆಯಲ್ಲಿ, ಅದರ ಕೀ ನನ್ನ ಪರ್ಸ್‌ನಲ್ಲಿ.

2022ರಲ್ಲಿ ಬೀಗ ಸಿಕ್ಕಿಹಾಕಿಕೊಂಡಿತು. ಕಂಪನಿಯವರು ಬರ್ತೀವಿ ಬರ್ತೀವಿ ಅಂದರು, ಬರಲಿಲ್ಲ. ಕೊನೆಗೆ ಊರಿನ ಕೀ ಮಾಡುವವರೇ ಅರ್ಧ ಗಂಟೆಯಲ್ಲಿ ಬಿಡಿಸಿಕೊಟ್ಟರು.

ಎಲ್ಲವನ್ನೂ ಸ್ಕ್ಯಾನ್ ಮಾಡಿ ಪೆನ್‌ಡ್ರೈವ್‌ನಲ್ಲೂ ಇಟ್ಟಿದ್ದೇನೆ. ಜುಲೈನಲ್ಲಿ ದಿನಗಟ್ಟಲೆ ಕರೆಂಟ್ ಹೋದಾಗ ಅದು ಇದ್ದೂ ಇಲ್ಲದ ಹಾಗೆ. ಕೆಲಸ ಬಿಟ್ಟು ಮೂರು ವರ್ಷವಾಗಿದ್ದ ಹುಡುಗ ಅನುಭವ ಪತ್ರಕ್ಕೆ ಬಂದದ್ದು ಅಂಥ ದಿನವೇ. ಎರಡನೇ ಡ್ರಾಯರ್‌ನಲ್ಲಿ ಅವನ ಫೈಲು ಒಣಗಿ ಗರಿಗರಿಯಾಗಿತ್ತು.

ಈ ಕ್ಯಾಬಿನೆಟ್‌ಗೆ ನನ್ನ ಅಂಕ ಐದಕ್ಕೆ ಮೂರೂವರೆ. ಮತ್ತೆ ಕೊಳ್ಳುವುದಾದರೆ ಡ್ರಾಯರ್‌ಗೊಂದು ಬೀಗ ಇರುವುದನ್ನೇ ಹುಡುಕುತ್ತೇನೆ.