ಆರ್‌ಎ ಫ್ಯಾಕ್ಟರ್ ಪಾಸಿಟಿವ್ ಅಂತ ತಕ್ಷಣ ಮಾತ್ರೆ ಶುರು ಮಾಡಬೇಡಿ

ಒಂದು ಬೆಳಿಗ್ಗೆ ತಟ್ಟೆಗೆ ಬಿದ್ದ ಮುದ್ದೆಯಲ್ಲಿ ಗಂಟುಗಳಿದ್ದವು. ಅಮ್ಮನ ಕೈಯ ಮುದ್ದೆಯಲ್ಲಿ ನಾನು ಗಂಟು ಕಂಡಿದ್ದು ಅದೇ ಮೊದಲು. ಕೇಳಿದರೆ, "ಕೋಲು ಹಿಡಿಯೋಕೆ ಆಗ್ತಿಲ್ಲ ಕಣೋ, ಬೆರಳೆಲ್ಲಾ ಬಿಗಿದುಕೊಂಡಿದೆ" ಅಂದರು.

ಹತ್ತಿರದ ಕ್ಲಿನಿಕ್‌ಗೆ ಕರೆದುಕೊಂಡು ಹೋದೆ. ರಕ್ತ ಪರೀಕ್ಷೆ ಮಾಡಿಸಿದರು, ರುಮಟಾಯ್ಡ್ ಅನ್ನುವ ಕೀಲುವಾತದ ಸುಳಿವು ಕೊಡುವ ಆರ್‌ಎ ಫ್ಯಾಕ್ಟರ್ ಪಾಸಿಟಿವ್ ಬಂತು. ಐದೇ ನಿಮಿಷ. "ರುಮಟಾಯ್ಡ್, ಇದು ಜೀವನಪೂರ್ತಿ" ಅಂತ ವಾರಕ್ಕೊಮ್ಮೆ ನುಂಗುವ, ರೋಗನಿರೋಧಕ ಶಕ್ತಿ ತಗ್ಗಿಸುವ ಮೆಥೊಟ್ರೆಕ್ಸೇಟ್, ಜೊತೆಗೆ ಸ್ಟಿರಾಯ್ಡ್ ಬರೆದುಕೊಟ್ಟರು. ಆ ಮಾತ್ರೆ ಲಿವರ್‌ಗೆ ತೊಂದರೆ ಕೊಡಬಹುದು, ಆದರೂ ಲಿವರ್ ಬಗ್ಗೆ ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಎರಡು ತಿಂಗಳಿಗೆ ಅಮ್ಮನಿಗೆ ಊಟ ಸೇರದಂತಾಯಿತು. ಲಿವರ್‌ಗೆ ಪೆಟ್ಟಾದರೆ ಏರುವ ಎಸ್‌ಜಿಪಿಟಿ 180 ದಾಟಿತ್ತು. ಬೇರೆ ಊರಿನ ಕೀಲುರೋಗ ತಜ್ಞರು ರಿಪೋರ್ಟ್ ನೋಡಿದವರೇ, "ಹೆಪಟೈಟಿಸ್ ಪರೀಕ್ಷೆ ಎಲ್ಲಿ?" ಅಂದರು. ಮಾಡಿಸಿದರೆ ಲಿವರ್ ಕೆಡಿಸುವ ಹೆಪಟೈಟಿಸ್ ಸಿ ವೈರಸ್! ರುಮಟಾಯ್ಡ್ ಅನ್ನು ಇನ್ನೂ ಖಚಿತವಾಗಿ ತೋರಿಸುವ ಆ್ಯಂಟಿ ಸಿಸಿಪಿ ಪರೀಕ್ಷೆ ನೆಗೆಟಿವ್. ಹೆಪಟೈಟಿಸ್ ಸಿ ಇದ್ದವರಲ್ಲಿ ಕೀಲುನೋವೂ ಬರುತ್ತದೆ, ಆರ್‌ಎ ಫ್ಯಾಕ್ಟರ್ ಕೂಡ ಎಷ್ಟೋ ಜನರಲ್ಲಿ ಪಾಸಿಟಿವ್ ಬರುತ್ತದಂತೆ. ಸಿಸಿಪಿ ಮಾತ್ರ ಸಾಮಾನ್ಯವಾಗಿ ನೆಗೆಟಿವ್. ಆ ಒಂದು ಪರೀಕ್ಷೆ ಮೊದಲೇ ಆಗಿದ್ದರೆ ಅನುಮಾನವಾದರೂ ಬರುತ್ತಿತ್ತು ಅಲ್ವಾ?

1994ರಲ್ಲಿ ಅಮ್ಮನಿಗೆ ಆಪರೇಷನ್ ಆದಾಗ ಎರಡು ಬಾಟಲಿ ರಕ್ತ ಹಾಕಿದ್ದರು. ಆಗ ದಾನದ ರಕ್ತಕ್ಕೆ ಸಿ ಪರೀಕ್ಷೆ ಕಡ್ಡಾಯ ಇರಲಿಲ್ಲ. ಅಲ್ಲಿಂದಲೇ ಇರಬೇಕು.

ರಿಪೋರ್ಟ್ ಓದುವಾಗ ನಾವು ಎಡವಿದ್ದನ್ನೂ ಹೇಳಿಬಿಡುತ್ತೇನೆ. ಸಿ ವೈರಸ್ಸಿನ ವಿರುದ್ಧ ದೇಹ ಕಟ್ಟುವ ಆ್ಯಂಟಿಬಾಡಿಯಾದ ಆ್ಯಂಟಿ ಎಚ್‌ಸಿವಿ ರಿಯಾಕ್ಟಿವ್ ಅಂದರೆ ವೈರಸ್ ಯಾವಾಗಲೋ ಬಂದಿತ್ತು ಅಂತ ಮಾತ್ರ. ಈಗಲೂ ಇದೆಯಾ ಅನ್ನುವುದು ರಕ್ತದಲ್ಲಿ ವೈರಸ್ಸನ್ನೇ ಹುಡುಕುವ ಆರ್‌ಎನ್‌ಎ ಪರೀಕ್ಷೆಯಿಂದಲೇ ಗೊತ್ತಾಗುವುದು. ಬಿ ವೈರಸ್ಸಿನದು ಇನ್ನೊಂದು ಗೋಜಲು. ನನ್ನ ರಿಪೋರ್ಟಿನಲ್ಲಿ ಆ್ಯಂಟಿ ಎಚ್‌ಬಿಎಸ್ ಪಾಸಿಟಿವ್ ನೋಡಿ ಒಂದು ರಾತ್ರಿ ನಿದ್ದೆ ಬರಲಿಲ್ಲ. ಸುಮ್ನೆ ಹೆದರಿದ್ದೆ, ನನ್ನಲ್ಲಿ ಅದು ಲಸಿಕೆ ಹಾಕಿಸಿಕೊಂಡಿದ್ದರ ಗುರುತು. ರೋಗ ಇದೆಯಾ ಅಂತ ಹೇಳುವುದು ಎಚ್‌ಬಿಎಸ್‌ಎಜಿ. ಅದು ನೆಗೆಟಿವ್ ಬಂದರೂ ಕೋರ್ ಆ್ಯಂಟಿಬಾಡಿ ಪಾಸಿಟಿವ್ ಇದ್ದರೆ ಹಳೇ ವೈರಸ್ ಲಿವರ್‌ನಲ್ಲಿ ಮಲಗಿರಬಹುದು. ರುಮಟಾಯ್ಡ್‌ಗೆ ಕೊಡುವ ರಿಟುಕ್ಸಿಮ್ಯಾಬ್‌ನಂಥ ಔಷಧಿ ಅದನ್ನು ಎಬ್ಬಿಸಿಬಿಡಬಹುದು. ಹಾಗಾಗಿ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ, ಇಂಜೆಕ್ಷನ್ ಶುರು ಮಾಡುವ ಮುಂಚೆ ಎಚ್‌ಬಿಎಸ್‌ಎಜಿ, ಕೋರ್, ಎಚ್‌ಸಿವಿ, ಈ ಮೂರೂ ಆಗಿದೆಯಾ ಅಂತ ಕೇಳಿ. ಡಾಕ್ಟರ್ ಮುಖ ಸಿಂಡರಿಸಿದರೂ ಪರವಾಗಿಲ್ಲ. ಹಾಗಂತ ಈಗಾಗಲೇ ತಗೊಳ್ಳುತ್ತಿರುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಅಮ್ಮನಿಗೆ ಮೆಥೊಟ್ರೆಕ್ಸೇಟ್ ನಿಲ್ಲಿಸಿ, 12 ವಾರ ಸಿ ವೈರಸ್ಸಿನ ಮಾತ್ರೆ ಕೊಟ್ಟರು. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಅದು ಉಚಿತ. ಕೋರ್ಸ್ ಮುಗಿದು ಮತ್ತೆ 12 ವಾರಕ್ಕೆ ಆರ್‌ಎನ್‌ಎ ನೋಡಿದರೆ ವೈರಸ್ ಇರಲಿಲ್ಲ. ಬೆರಳು ನೋವು ಪೂರ್ತಿ ಹೋಗಿಲ್ಲ, ಆದರೆ ಮುದ್ದೆಯಲ್ಲಿ ಗಂಟಿಲ್ಲ.

ಮೊನ್ನೆ ಕಣ್ಣಿನ ಪೊರೆ ಆಪರೇಷನ್‌ಗೆ ಹೋದಾಗ ಮತ್ತೆ ಆ್ಯಂಟಿ ಎಚ್‌ಸಿವಿ ರಿಯಾಕ್ಟಿವ್ ಬಂತು. ಕೌಂಟರ್‌ನವರು ಗಾಬರಿಯಾದರು. ವಾಸಿಯಾದ ಮೇಲೂ ಅದು ಹಾಗೇ ಉಳಿಯುತ್ತದೆ. ಅಮ್ಮ ಮಾತಾಡಲಿಲ್ಲ. ಕೈಚೀಲದಿಂದ ಪ್ಲಾಸ್ಟಿಕ್ ಕವರ್ ತೆಗೆದು, ಆರ್‌ಎನ್‌ಎ ರಿಪೋರ್ಟನ್ನು ಮೇಜಿನ ಮೇಲಿಟ್ಟರು.